ಬೀಗ ಹಾಕಿ ಬೀಗ ತೆಗೆಯೋವರೆಗೆ: ಲೋಕಲ್ ಟ್ರೇನಿನ ದಿನಚರಿ, ಮನೆಯಲ್ಲೊಂದು ಪ್ರಾಣಿ

ಇವತ್ತು ಎರಡು ವಿಷಯ ಒಟ್ಟಿಗೆ ಮಾತಾಡೋಣ. ಒಂದು, ನಾವು ದಿನಾ ಬಸ್ಸು, ರೈಲು, ಮೆಟ್ರೋದಲ್ಲಿ ಮಾಡೋ ಓಡಾಟ. ಇನ್ನೊಂದು, ಮನೆಯಲ್ಲಿ ಸಾಕೋ ನಾಯಿ, ಬೆಕ್ಕು. ಇವೆರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ಪರವೂರಲ್ಲಿ ಇದ್ದುಕೊಂಡು ಪ್ರಾಣಿ ಸಾಕಿದವರು ಮಾತ್ರ ಕೇಳಲ್ಲ, ಅವರಿಗೆ ಗೊತ್ತಿರುತ್ತೆ.

ಆಫೀಸಲ್ಲಿ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ವರ್ಷಕ್ಕೆ ಒಬ್ಬಿಬ್ಬರಾದರೂ ನನ್ನ ಹತ್ತಿರ ಬಂದು, "ಅಣ್ಣಾ, ಒಂದು ನಾಯಿಮರಿ ತರೋಣ ಅಂತಿದ್ದೀನಿ, ಯಾವ ತಳಿ ಒಳ್ಳೇದು?" ಅಂತ ಕೇಳ್ತಾರೆ. ನಾನು ತಳಿ ಹೇಳಲ್ಲ. "ಬೆಳಿಗ್ಗೆ ಎಷ್ಟಕ್ಕೆ ಬಾಗಿಲಿಗೆ ಬೀಗ ಹಾಕ್ತೀಯಾ? ರಾತ್ರಿ ಎಷ್ಟಕ್ಕೆ ತೆಗೀತೀಯಾ?" ಅಂತ ತಿರುಗಿ ಕೇಳ್ತೀನಿ. ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಪ್ರಾಣಿ ಸಾಕೋಕೆ ಪ್ರೀತಿ ಬೇಕು, ದುಡ್ಡು ಬೇಕು, ಜಾಗ ಬೇಕು, ಎಲ್ಲಾ ನಿಜ. ಆದರೆ ಪ್ರಾಣಿಯ ಬದುಕು ಹೇಗಿರುತ್ತೆ ಅಂತ ತೀರ್ಮಾನ ಮಾಡೋದು ನಮ್ಮ ಪ್ರಯಾಣ.

ಮೊದಲು ಗಂಟೆ ಎಣಿಸಿ

ನಾನು ಧಾರವಾಡದ ಕಡೆಯವನು. ಡೊಂಬಿವಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಮನೆಯಲ್ಲಿ ನಾನು, ನನ್ನ ಹೆಂಡತಿ, ಚಿನ್ನಿ ಅನ್ನೋ ಒಂದು ಬೆಕ್ಕು. ನನ್ನ ಕೆಲಸ ಐರೋಲಿಯಲ್ಲಿ. ಬೆಳಿಗ್ಗೆ 7:15ಕ್ಕೆ ಹೊರಟು ಶೇರ್ ಆಟೋದಲ್ಲಿ ಸ್ಟೇಷನ್, ಅಲ್ಲಿಂದ ಲೋಕಲ್ ಹತ್ತಿ ಠಾಣೆ, ಸೇತುವೆ ದಾಟಿ ಟ್ರಾನ್ಸ್-ಹಾರ್ಬರ್ ಗಾಡಿ, ಐರೋಲಿಯಲ್ಲಿ ಇಳಿದ ಮೇಲೆ ಕಂಪನಿಯ ಬಸ್ಸು. ವಾಪಸ್ ಮನೆ ಮುಟ್ಟೋದು ರಾತ್ರಿ 7:45ಕ್ಕೆ. ಕೆಲಸ ಎಷ್ಟು ಹೊತ್ತು ಅಂತ ಯಾರಾದರೂ ಕೇಳಿದರೆ ಒಂಬತ್ತು ಗಂಟೆ ಅಂತೀನಿ. ಮನೆಯಲ್ಲಿರೋ ಪ್ರಾಣಿಯ ಲೆಕ್ಕದಲ್ಲಿ ಅದು ಹನ್ನೆರಡೂವರೆ ಗಂಟೆ. ನನ್ನ ಹೆಂಡತಿ ಠಾಣೆಯಲ್ಲಿ ಕೆಲಸ ಮಾಡೋದರಿಂದ ಒಂಬತ್ತಕ್ಕೆ ಹೊರಟು ಏಳಕ್ಕೆ ಬರ್ತಾಳೆ. ಹಾಗಾಗಿ ಮನೆ ಪೂರ್ತಿ ಖಾಲಿ ಇರೋದು ಹತ್ತು ಗಂಟೆ. ನಾವು ಬೆಕ್ಕು ಸಾಕಿದ್ದು, ನಾಯಿ ಸಾಕದೇ ಇದ್ದದ್ದು ಈ ಹತ್ತು ಗಂಟೆಯ ಲೆಕ್ಕ ನೋಡಿಯೇ.

ನಿಮ್ಮ ಊರಿನ ಲೆಕ್ಕ ಬೇರೆ ಇರುತ್ತೆ. ಹೈದರಾಬಾದಲ್ಲಿ ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸಿ ರಾಯದುರ್ಗಕ್ಕೆ ಹೋಗೋರು, ಪುಣೆಯಲ್ಲಿ ಹಿಂಜವಡಿಯ ಟ್ರಾಫಿಕ್ಕಲ್ಲಿ ಬಸ್ಸಲ್ಲೇ ಮೀಟಿಂಗ್ ಮುಗಿಸೋರು, ಚೆನ್ನೈಯಲ್ಲಿ ಓಎಂಆರ್ ಉದ್ದಕ್ಕೂ ನಿಂತೇ ಬರೋರು, ದೆಹಲಿಯಿಂದ ಗುರುಗ್ರಾಮಕ್ಕೋ ನೋಯ್ಡಾಕ್ಕೋ ಓಡಾಡೋರು. ಎಲ್ಲರೂ ಒಂದು ಕೆಲಸ ಮಾಡಿ. ಒಂದು ವಾರ, ಬೀಗ ಹಾಕಿದ ಹೊತ್ತು ಮತ್ತು ತೆಗೆದ ಹೊತ್ತು ಬರೆದಿಡಿ. ಸರಾಸರಿ ತೆಗೀಬೇಡಿ, ಆ ವಾರದ ಅತಿ ಕೆಟ್ಟ ದಿನ ಯಾವುದೋ ಅದನ್ನ ಹಿಡ್ಕೊಳ್ಳಿ. ಪ್ರಾಣಿ ಬದುಕಬೇಕಾಗಿರೋದು ಆ ಕೆಟ್ಟ ದಿನದಲ್ಲೂ ತಾನೆ.

ಮುಂಬೈಯವರಿಗೆ ಇನ್ನೂ ಒಂದು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಲೋಕಲ್ ನಿಂತುಹೋದಾಗ, ಲಕ್ಷಾಂತರ ಜನ ರಾತ್ರಿಯಿಡೀ ಆಫೀಸಲ್ಲಿ, ಗಾಡಿಯಲ್ಲಿ, ರಸ್ತೆಯಲ್ಲಿ ಕಳೆದರು. ಅಷ್ಟು ದೊಡ್ಡದಲ್ಲದಿದ್ದರೂ ಹಳಿ ಮೇಲೆ ನೀರು ನಿಲ್ಲೋ ದಿನ ಪ್ರತಿ ಮಳೆಗಾಲದಲ್ಲೂ ಒಂದೆರಡು ಬಂದೇ ಬರುತ್ತೆ. ಅಂಥ ರಾತ್ರಿ ನಿಮ್ಮ ಮನೆಯ ಬಾಗಿಲು ತೆಗೆಯೋಕೆ ನಡೆದುಕೊಂಡೇ ಬರಬಲ್ಲ ಇನ್ನೊಬ್ಬರು ಇದ್ದಾರಾ? ಈ ಪ್ರಶ್ನೆ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಸ್ವೀಡನ್ ದೇಶದಲ್ಲಿ ಇದಕ್ಕೆ ನಿಯಮವೇ ಇದೆ. ಹಗಲು ಹೊತ್ತು ಆರು ಗಂಟೆಗೆ ಒಮ್ಮೆಯಾದರೂ ನಾಯಿಯನ್ನ ಹೊರಗೆ ಕರೆದುಕೊಂಡು ಹೋಗಲೇಬೇಕು. ಅದೇ ದೇಶದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಸಾಕುನಾಯಿಗಳನ್ನ ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ನೋಡಿದರು. ಅರ್ಧ ಗಂಟೆ ಬಿಟ್ಟು ಬಂದಾಗ ಇದ್ದದ್ದಕ್ಕಿಂತ ಎರಡು ಗಂಟೆ ಬಿಟ್ಟು ಬಂದಾಗ ಬಾಲ ಅಲ್ಲಾಡಿಸೋದು, ಮೈಮೇಲೆ ಬರೋದು ಜಾಸ್ತಿ ಇತ್ತು. ಅಂದ್ರೆ ನಾವು ಎಷ್ಟು ಹೊತ್ತು ಹೋಗಿದ್ವಿ ಅನ್ನೋದು ನಾಯಿಯ ನಡವಳಿಕೆಯಲ್ಲಿ ಕಾಣುತ್ತೆ. "ಪಾಪ ಅದಕ್ಕೇನು ಗೊತ್ತಾಗುತ್ತೆ" ಅನ್ನೋ ಮಾತು ನಿಲ್ಲಲ್ಲ.

ನಾವು ಬರೋ ಹೊತ್ತು ಅವಕ್ಕೆ ಹೇಗೆ ಗೊತ್ತು?

ಜಪಾನಿನ ಹಾಚಿಕೊ ನಾಯಿಯ ಕಥೆ ನೀವು ಕೇಳಿರ್ತೀರಿ. ಟೋಕಿಯೋದ ವಿಶ್ವವಿದ್ಯಾಲಯದಲ್ಲಿ ಕೃಷಿ ವಿಷಯ ಕಲಿಸ್ತಿದ್ದ ಪ್ರೊಫೆಸರ್ ಉಯೆನೊ ಅವರನ್ನ ಎದುರುಗೊಳ್ಳೋಕೆ ಅದು ಶಿಬುಯಾ ಸ್ಟೇಷನ್ನಿಗೆ ಹೋಗ್ತಿತ್ತು. 1925ರ ಮೇ ತಿಂಗಳಲ್ಲಿ ಅವರು ಕೆಲಸದ ಜಾಗದಲ್ಲೇ ತೀರಿಕೊಂಡರು. ನಾಯಿ 1935ರ ಮಾರ್ಚ್‌ನಲ್ಲಿ ಸಾಯೋವರೆಗೂ ಅದೇ ಸ್ಟೇಷನ್ನಿಗೆ ಬರ್ತಾನೇ ಇತ್ತು. ಎಲ್ಲರೂ ಇದನ್ನ ನಿಷ್ಠೆಯ ಕಥೆ ಅಂತ ಹೇಳ್ತಾರೆ. ನನಗೆ ಮಾತ್ರ ಅದು ದಿನಾ ರೈಲಲ್ಲಿ ಓಡಾಡೋ ಮನುಷ್ಯನೊಬ್ಬನ ನಾಯಿಯ ಕಥೆ. ಯಜಮಾನನ ದಿನಚರಿ ಪ್ರಾಣಿಯ ಮೈಯೊಳಗೆ ಹೇಗೆ ಇಳಿಯುತ್ತೆ ಅನ್ನೋದಕ್ಕೆ ಅದೊಂದು ಉದಾಹರಣೆ.

ಇದರಲ್ಲಿ ಪವಾಡ ಏನಿಲ್ಲ. ನಮ್ಮ ಹಾಗೆ ನಾಯಿ, ಬೆಕ್ಕುಗಳ ಮೈಯಲ್ಲೂ ಹಗಲು ರಾತ್ರಿಯ ಗಡಿಯಾರ ಇದೆ. ಊಟದ ಹೊತ್ತು, ಬಿಸಿಲು ಗೋಡೆ ಮೇಲೆ ಸರಿಯೋ ರೀತಿ, ಕೆಳಗೆ ಶಾಲೆಯ ವ್ಯಾನ್ ಬರೋ ಸದ್ದು, ಪಕ್ಕದ ಮನೆಯ ಕುಕ್ಕರ್ ಸೀಟಿ, ಇವೆಲ್ಲ ಅವಕ್ಕೆ ಗಂಟೆ ಬಾರಿಸಿದ ಹಾಗೆ. ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತೆ. ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತೆ, ಬೆಕ್ಕಿನದು ಅದಕ್ಕೂ ಮೇಲೆ. ಲಿಫ್ಟ್ ನಮ್ಮ ಮಹಡಿಗೆ ಬರೋ ಮೊದಲೇ ಚಿನ್ನಿ ಬಾಗಿಲ ಹತ್ತಿರ ಬಂದು ಕೂತಿರುತ್ತೆ. ಬೇರೆಯವರು ಇಳಿದಾಗ ಏಳೋದೂ ಇಲ್ಲ. ಹೆಜ್ಜೆ ಸದ್ದು, ಕೀ ಗೊಂಚಲಿನ ಸದ್ದು ಅದಕ್ಕೆ ಬಾಯಿಪಾಠ.

ಇದರಿಂದ ಒಂದು ಉಪಯೋಗ ಇದೆ. ದಿನಾ ಒಂದೇ ಹೊತ್ತಿಗೆ ಬರೋದು ನಮ್ಮ ಕೈಯಲ್ಲಿಲ್ಲ, ರೈಲ್ವೆಯವರ ಕೈಯಲ್ಲಿದೆ. ಆದರೆ ಊಟದ ಹೊತ್ತು ನಮ್ಮ ಕೈಯಲ್ಲಿದೆ. ರಾತ್ರಿಯ ಊಟವನ್ನ "ನಾನು ಬಂದ ಕೂಡಲೇ" ಅಂತ ಕಟ್ಟಿಹಾಕಬೇಡಿ. ಬಂದು ಅರ್ಧ ಗಂಟೆ ಕಳೆದ ಮೇಲೆ ಹಾಕಿ. ಗಾಡಿ ಲೇಟಾದ ದಿನ ಪ್ರಾಣಿಗೆ ತಳಮಳ ಕಡಿಮೆ ಆಗುತ್ತೆ. ಬೆಕ್ಕಾದರೆ, ಹೊತ್ತಿಗೆ ಸರಿಯಾಗಿ ತಾನೇ ತೆರೆದುಕೊಳ್ಳೋ ಊಟದ ಡಬ್ಬಿಗಳು ಸಿಗುತ್ತವೆ, ಅವೂ ಆಗಬಹುದು.

ನಾಯಿಯೋ, ಬೆಕ್ಕೋ?

ನಾಯಿಮರಿಯ ಮೂತ್ರದ ಚೀಲದ ಬಗ್ಗೆ ಒಂದು ಸುಲಭದ ಲೆಕ್ಕ ಇದೆ. ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ ತಡ್ಕೊಳ್ಳುತ್ತೆ. ಎರಡು ತಿಂಗಳ ಮರಿ ಮೂರು ಗಂಟೆ. ಬೆಳೆದ ನಾಯಿಗೂ ಆರೆಂಟು ಗಂಟೆ ಅಂದರೆ ಕಷ್ಟದ ಮೇಲೆ ಕಷ್ಟ. ಈಗ ನನ್ನ ಹನ್ನೆರಡೂವರೆ ಗಂಟೆಯನ್ನ ಇದರ ಪಕ್ಕ ಇಟ್ಟು ನೋಡಿ. ಒಬ್ಬರೇ ಇದ್ದು, ಹಗಲು ಬಂದು ಹೋಗೋ ಆಳಿಲ್ಲದೆ, ಆಫೀಸಿಗೆ ಐದೂ ದಿನ ಹೋಗೋರು ನಾಯಿಮರಿ ತರೋದು ಅಂದರೆ ಅದಕ್ಕೆ ಶಿಕ್ಷೆ ಕೊಟ್ಟ ಹಾಗೆ.

ಕೋವಿಡ್ ಕಾಲದಲ್ಲಿ, ಮನೆಯಿಂದಲೇ ಕೆಲಸ ಇದ್ದಾಗ, ಎಷ್ಟೋ ಜನ ಮರಿ ತಂದರು. ಆ ಮರಿಗಳಿಗೆ ಮನೆ ಅಂದರೆ ಯಾವಾಗಲೂ ಮನುಷ್ಯರು ಇರೋ ಜಾಗ. ಆಮೇಲೆ ಆಫೀಸು ಶುರುವಾಯ್ತು. ಬಾಗಿಲ ಚೌಕಟ್ಟು ಕಚ್ಚೋದು, ದಿನವಿಡೀ ಊಳಿಡೋದು, ಕಲಿತಿದ್ದ ಶಿಸ್ತೆಲ್ಲ ಮರೆತು ಹಾಲ್‌ನಲ್ಲೇ ಗಲೀಜು ಮಾಡೋದು. ಪಕ್ಕದ ಮನೆಯವರಿಂದ ಸೊಸೈಟಿಗೆ ದೂರು. ಇದು ಹಠ ಅಲ್ಲ, ಒಂಟಿತನದ ಗಾಬರಿ. ಇದಕ್ಕೆ ಬೈದು ಉಪಯೋಗ ಇಲ್ಲ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ವಿಜ್ಞಾನಿ 2009ರಲ್ಲಿ ತೋರಿಸಿದ ಹಾಗೆ, ನಾಯಿ ಕಿವಿ ಮಡಚಿ, ಕಣ್ಣು ತಪ್ಪಿಸಿ ನಿಲ್ಲೋದು ತಪ್ಪು ಮಾಡಿದೆ ಅಂತ ಅಲ್ಲ, ನಮ್ಮ ಸಿಟ್ಟು ನೋಡಿ. ತಪ್ಪು ಮಾಡದೇ ಇದ್ದ ನಾಯಿಯನ್ನ ಬೈದರೂ ಅದು ಹಾಗೇ ನಿಲ್ಲುತ್ತೆ. ಎರಡು ಗಾಡಿ ತಪ್ಪಿಸಿಕೊಂಡು, ಬೆವರು ಸುರಿಸಿ ಬಂದ ಮನುಷ್ಯ ಹರಿದ ಸೋಫಾ ನೋಡಿ ಕೂಗಾಡಿದರೆ ನಾಯಿ ಕಲಿಯೋ ಪಾಠ ಒಂದೇ: ಬಾಗಿಲು ತೆಗೆದಾಗ ಹೆದರಬೇಕು.

ಸರಿಪಡಿಸೋ ದಾರಿ ನಿಧಾನದ್ದು. ಐದು ನಿಮಿಷ ಹೊರಗೆ ಹೋಗಿ ಬನ್ನಿ, ಆಮೇಲೆ ಹದಿನೈದು ನಿಮಿಷ, ಆಮೇಲೆ ಒಂದು ಗಂಟೆ. ಹೋಗುವಾಗಲೂ ಬರುವಾಗಲೂ ದೊಡ್ಡ ಸಡಗರ ಮಾಡಬೇಡಿ. ಹೊರಡೋ ಮುಂಚೆ ಅರ್ಧ ಗಂಟೆ ನಡೆಸಿ. ಇದಕ್ಕಾಗಿ ನೀವು ಒಂದು ಗಾಡಿ ಮುಂಚೆ ಏಳಬೇಕು, ಬೇರೆ ದಾರಿ ಇಲ್ಲ. ಮಧ್ಯಾಹ್ನ ಒಮ್ಮೆ ಬಂದು ಸುತ್ತಾಡಿಸೋರನ್ನ ಗೊತ್ತು ಮಾಡಿ. ಬಿಲ್ಡಿಂಗಿನಲ್ಲೇ ಕಾಲೇಜು ಓದೋ ಮಕ್ಕಳೋ ನಿವೃತ್ತರೋ ಇರ್ತಾರೆ.

ತಳಿಯ ವಿಷಯ ಒಂದೇ ಮಾತಲ್ಲಿ ಹೇಳಿಬಿಡ್ತೀನಿ. ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ 2003ರಲ್ಲಿ ಬಂದ ಆ ಪಗ್ ನಾಯಿಯನ್ನ ನೋಡಿ ದೇಶಕ್ಕೆ ದೇಶವೇ ಮರುಳಾಯ್ತು. ನಾಯಿ ತನ್ನ ಮೈಯ ಶಾಖ ಇಳಿಸಿಕೊಳ್ಳೋದು ಮುಖ್ಯವಾಗಿ ತೇಕುತ್ತಾ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಆ ದಾರಿಯೇ ಕಿರಿದು. ಚೆನ್ನೈ, ಹೈದರಾಬಾದಿನ ಮೇ ತಿಂಗಳಲ್ಲಿ ಮುಚ್ಚಿದ ಫ್ಲಾಟಿನೊಳಗೆ ಹತ್ತು ಗಂಟೆ ಅದನ್ನ ಬಿಟ್ಟು ಹೋಗೋದು ಜೀವಕ್ಕೇ ಅಪಾಯ. ದಟ್ಟ ಕೂದಲಿನ ಹಸ್ಕಿಗೂ ಅಷ್ಟೇ. ನಮ್ಮ ಬೀದಿಯ ದೇಸಿ ಮರಿ ಈ ಹವೆಗೇ ಹುಟ್ಟಿದ್ದು.

ಬೆಕ್ಕು ನಮ್ಮ ದಿನಚರಿಗೆ ಹೊಂದಿಕೊಳ್ಳುತ್ತೆ. ಹಗಲು ಬಹಳಷ್ಟು ನಿದ್ದೆ, ಬೆಳಗಿನ ಜಾವ ಮತ್ತು ಸಂಜೆಗೆ ಆಟ. ಲಿಟರ್ ಟ್ರೇ ಇದ್ದರೆ ಹೊರಗೆ ಕರೆದೊಯ್ಯೋ ಕೆಲಸ ಇಲ್ಲ. ಹಾಗಂತ ಬೆಕ್ಕಿಗೆ ಏನೂ ಬೇಡ ಅಂತಲ್ಲ. ಮೊದಲನೇದು, ಕಿಟಕಿ ಮತ್ತು ಬಾಲ್ಕನಿಗೆ ಬಲೆ. ಎತ್ತರದ ಫ್ಲಾಟಿನಿಂದ ಬೆಕ್ಕು ಬೀಳೋದು ಎಲ್ಲಾ ಊರಲ್ಲೂ ನಡೆಯುತ್ತೆ. ಪಾರಿವಾಳ ತಡೆಯೋಕೆ ಅಂತ ಹಾಕೋ ಬಲೆಯನ್ನೇ ಸ್ವಲ್ಪ ಗಟ್ಟಿಯಾಗಿ ಹಾಕಿಸಿದರೆ ಎರಡೂ ಕೆಲಸ ಆಗುತ್ತೆ. ಎರಡನೇದು, ಔಷಧಿ ಡಬ್ಬಿ. ನಮ್ಮೆಲ್ಲರ ಮನೆಯಲ್ಲಿ ಇರೋ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಜ್ವರ ಬಂದಿದೆ ಅಂತ ಚೂರು ಕೊಟ್ಟರೂ ಸಾಯಬಹುದು. ನಾಯಿಗೆ ದ್ರಾಕ್ಷಿ, ಚಾಕೊಲೇಟ್ ವಿಷ. ಈರುಳ್ಳಿ, ಬೆಳ್ಳುಳ್ಳಿ ಎರಡಕ್ಕೂ ಆಗಲ್ಲ. ಒಗ್ಗರಣೆ ಹಾಕಿದ ಸಾರನ್ನ ಕಲಸಿ ಹಾಕೋ ಅಭ್ಯಾಸ ಬಿಡಿ. ಮೂರನೇದು, ಗಂಡು ಬೆಕ್ಕು ಟ್ರೇಗೆ ಹೋಗಿ ಹೋಗಿ ಮುಕ್ಕುತ್ತಾ ಮೂತ್ರ ಬಾರದೆ ಒದ್ದಾಡಿದರೆ ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ವಿಷಯ. ನಾಳೆ ಶನಿವಾರ ನೋಡೋಣ ಅಂದರೆ ನಾಳೆ ಬೆಕ್ಕು ಇರಲ್ಲ.

ಡಾಕ್ಟರ ಹತ್ತಿರ ಹೋಗೋದು ಹೇಗೆ?

ಇಲ್ಲಿ ನಮ್ಮ ಸಾರ್ವಜನಿಕ ಸಾರಿಗೆಯ ನಿಜಸ್ಥಿತಿ ಗೊತ್ತಾಗುತ್ತೆ. ನಮ್ಮನ್ನ ದಿನಾ ಹೊತ್ತೊಯ್ಯೋ ಮೆಟ್ರೋಗೆ ನಮ್ಮ ಬೆಕ್ಕು ಬೇಡ. ಸಾಕುಪ್ರಾಣಿ ತರಬೇಡಿ ಅಂತ ನಿಯಮವೇ ಇದೆ. ಲೋಕಲ್‌ನ ಜನಜಂಗುಳಿಯಲ್ಲಿ ಬುಟ್ಟಿ ಹಿಡಿದು ನಿಲ್ಲೋದು ಪ್ರಾಣಿಗೂ ಹಿಂಸೆ, ಜನಕ್ಕೂ ತೊಂದರೆ. ಉಳಿದದ್ದು ಆಟೋ, ಟ್ಯಾಕ್ಸಿ. ಹತ್ತಿರ ಬಂದು, ಬುಟ್ಟಿ ನೋಡಿ, ರೈಡ್ ಕ್ಯಾನ್ಸಲ್ ಮಾಡಿ ಹೋಗೋರು ಬೇಕಾದಷ್ಟು ಜನ. ಕೆಲವು ಊರುಗಳಲ್ಲಿ ಈಗ ಆಪ್‌ನಲ್ಲೇ ಸಾಕುಪ್ರಾಣಿಗೆ ಅಂತ ಬೇರೆ ಆಯ್ಕೆ ಬಂದಿದೆ. ಇಲ್ಲದ ಕಡೆ, ಹತ್ತೋ ಮುಂಚೆಯೇ ಫೋನ್ ಮಾಡಿ ಹೇಳಿಬಿಡಿ. "ಭಯ್ಯಾ, ಬುಟ್ಟಿಯೊಳಗೆ ಬೆಕ್ಕಿದೆ, ಹೊರಗೆ ಬಿಡಲ್ಲ" ಅಂತ ಮೊದಲೇ ಹೇಳಿದರೆ ಬಹಳಷ್ಟು ಜನ ಬರ್ತಾರೆ. ನಮ್ಮ ಏರಿಯಾದ ಒಬ್ಬ ರಿಕ್ಷಾ ಡ್ರೈವರ್ ನಂಬರ್ ನಾನು ಆಸ್ಪತ್ರೆಯ ನಂಬರ್ ಜೊತೆಗೇ ಬರೆದಿಟ್ಟಿದ್ದೀನಿ.

ಬುಟ್ಟಿಗೆ ಅಭ್ಯಾಸ ಮಾಡಿಸೋದು ಮುಖ್ಯ. ಆಸ್ಪತ್ರೆಗೆ ಹೋಗೋ ದಿನ ಮಾತ್ರ ಅಟ್ಟದಿಂದ ಕ್ಯಾರಿಯರ್ ಇಳಿಸಿದರೆ, ಅದನ್ನ ನೋಡಿದ ಕೂಡಲೇ ಬೆಕ್ಕು ಮಂಚದ ಕೆಳಗೆ. ಯಾವಾಗಲೂ ಬಾಗಿಲು ತೆಗೆದು ಹಾಲ್‌ನಲ್ಲೇ ಇಡಿ, ಒಳಗೊಂದು ಹಳೇ ಟವೆಲ್ ಹಾಸಿ, ಆಗಾಗ ಅದರಲ್ಲೇ ತಿಂಡಿ ಹಾಕಿ. ಹೋಗುವಾಗ ಮೇಲೆ ತೆಳ್ಳಗಿನ ಬಟ್ಟೆ ಹೊದಿಸಿ. ಸುತ್ತಲಿನದು ಕಾಣದಿದ್ದರೆ ಕೂಗಾಟ ಅರ್ಧ ಕಡಿಮೆ.

ದೊಡ್ಡ ಕಾಯಿಲೆಗೆ ಎಲ್ಲಿ ಹೋಗಬೇಕು ಅಂತ ಮೊದಲೇ ತಿಳಿದಿರಲಿ. ಮುಂಬೈಯ ಪರೇಲ್‌ನಲ್ಲಿ 1883ರಿಂದ ಇರೋ ಬಾಯಿ ಸಕರ್‌ಬಾಯಿ ದಿನಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನವರ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಶುರುವಾಯ್ತು. ಚೆನ್ನೈಯವರಿಗೆ ವೇಪೇರಿಯಲ್ಲಿ 1903ರ ಮದ್ರಾಸ್ ಪಶುವೈದ್ಯಕೀಯ ಕಾಲೇಜು, ಹೈದರಾಬಾದಿನವರಿಗೆ ರಾಜೇಂದ್ರನಗರದ ಪಶುವೈದ್ಯಕೀಯ ಕಾಲೇಜು. ಆದರೆ ಡೊಂಬಿವಲಿಯಿಂದ ಪರೇಲ್‌ಗೆ ಸುಮಾರು 40 ಕಿಲೋಮೀಟರ್. ನನಗೆ ಅದು ರೈಲಿನ ದಾರಿ, ಬೆಕ್ಕಿಗೆ ರಸ್ತೆಯ ದಾರಿ. ಹಾಗಾಗಿ ಹತ್ತಿರದಲ್ಲಿ ರಾತ್ರಿ ಹೊತ್ತು ಫೋನ್ ಎತ್ತೋ ಡಾಕ್ಟರು ಯಾರಿದ್ದಾರೆ ಅಂತ ಪ್ರಾಣಿ ತರೋ ಮೊದಲೇ ಹುಡುಕಿಡಿ.

ಊರಿಗೆ ಹೊರಡೋ ದಿನ

ಗಣೇಶ ಹಬ್ಬ, ದೀಪಾವಳಿ, ಮನೆಯಲ್ಲಿ ಮದುವೆ. ಟಿಕೆಟ್ ಸಿಗೋದೇ ಒಂದು ಸಾಹಸ. ಅದರ ಜೊತೆಗೆ ಪ್ರಾಣಿ ಬೇರೆ.

ರೈಲಿನ ನಿಯಮ ಹೀಗಿದೆ. ನಾಯಿಯನ್ನ ಜೊತೆಗೇ ಕರೆದೊಯ್ಯಬೇಕಾದರೆ ಫಸ್ಟ್ ಎಸಿಯಲ್ಲಿ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಪೂರ್ತಿ ತಗೊಂಡಿರಬೇಕು. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರ್‌ನಲ್ಲಿ ಬಿಡಲ್ಲ. ಟಿಕೆಟ್ ತಗೊಂಡ ಕೂಡಲೇ ಕೂಪೆ ಸಿಕ್ಕಿತು ಅಂತಲ್ಲ. ಅದು ನಿಗದಿ ಆಗೋದು ಚಾರ್ಟ್ ಆದಾಗ. ಹಾಗಾಗಿ ಕೂಪೆ ಬೇಕು ಅಂತ ರೈಲ್ವೆಯ ಕಮರ್ಷಿಯಲ್ ವಿಭಾಗಕ್ಕೆ ಮೊದಲೇ ಅರ್ಜಿ ಕೊಡ್ತಾರೆ. ಹೊರಡೋ ದಿನ ಎರಡು ಮೂರು ಗಂಟೆ ಮುಂಚೆ ನಾಯಿ ಸಮೇತ ಪಾರ್ಸೆಲ್ ಆಫೀಸಿಗೆ ಹೋಗಿ, ಟಿಕೆಟ್, ಲಸಿಕೆ ಕಾರ್ಡು, ಡಾಕ್ಟರ ಸರ್ಟಿಫಿಕೇಟ್ ತೋರಿಸಿ, ಲಗೇಜ್ ದರದ ಲೆಕ್ಕದಲ್ಲಿ ಹಣ ಕಟ್ಟಿ ರಸೀದಿ ತಗೋಬೇಕು. ನಿಯಮದ ಭಾಷೆಯಲ್ಲಿ ಬರೋದು ಹೆಚ್ಚಾಗಿ ನಾಯಿ. ಬೆಕ್ಕಿನವರೂ ಇದೇ ದಾರಿ ಹಿಡೀತಾರೆ. ಫಸ್ಟ್ ಎಸಿ ಎಲ್ಲಾ ಗಾಡಿಗೂ ಇರಲ್ಲ, ಅದನ್ನ ಮೊದಲು ನೋಡಿ.

ಇನ್ನೊಂದು ದಾರಿ ಗಾರ್ಡ್ ಇರೋ ಬ್ರೇಕ್‌ವ್ಯಾನ್‌ನ ನಾಯಿಪೆಟ್ಟಿಗೆ. ಖರ್ಚು ಕಡಿಮೆ. ಆದರೆ ಕತ್ತಲು, ಸದ್ದು, ಸೆಕೆ. ಸೊಲ್ಲಾಪುರ, ಕಲಬುರಗಿಯ ಬೇಸಿಗೆ ನಿಮಗೇ ಗೊತ್ತು. ಆ ದಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪೆಟ್ಟಿಗೆಯಲ್ಲಿ ಕಳಿಸಿ ಅಂತ ನಾನು ಯಾರಿಗೂ ಹೇಳಲ್ಲ. ವಿಮಾನದಲ್ಲಾದರೆ ಏರ್ ಇಂಡಿಯಾ, 2022ರ ನವೆಂಬರ್‌ನಿಂದ ಆಕಾಸ ಏರ್ ಚಿಕ್ಕ ನಾಯಿ, ಬೆಕ್ಕುಗಳನ್ನ ಒಳಗೆ ಬಿಡ್ತವೆ. ತೂಕದ ಮಿತಿ, ಚೀಲದ ಅಳತೆ, ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿ ಅನ್ನೋ ಲೆಕ್ಕ ಇರುತ್ತೆ. ಟಿಕೆಟ್ ಮಾಡೋ ಮೊದಲೇ ಫೋನ್ ಮಾಡಿ ಕೇಳಿ.

ಕರ್ನಾಟಕದ ಗಡಿ ದಾಟಿದ ಮೇಲೆ ಕಥೆ ಸ್ವಲ್ಪ ಬೇರೆ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಾಣಿಗೂ ಟಿಕೆಟ್ ಕೊಟ್ಟು ಕರೆದೊಯ್ಯೋ ಪದ್ಧತಿ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ, ಅವರ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್ಸ್‌ಗೆ ಮಾತ್ರ ತಲಾ 111ರಂತೆ 444 ರೂಪಾಯಿ ಟಿಕೆಟ್! ಆ ಟಿಕೆಟಿನ ಫೋಟೋ ನೋಡಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಯೋಚನೆ ಮಾಡಿ, ಟಿಕೆಟ್ ಕೊಟ್ಟರು ಅಂದರೆ ಹಕ್ಕಿಯನ್ನೂ ಪ್ರಯಾಣಿಕ ಅಂತ ಲೆಕ್ಕಕ್ಕೆ ಹಿಡಿದರು. ನಾವಿರೋ ಊರುಗಳ ಮೆಟ್ರೋದಲ್ಲಿ ದುಡ್ಡು ಕೊಡ್ತೀನಿ ಅಂದರೂ ಆ ಲೆಕ್ಕಕ್ಕೆ ಬರೋ ಹಾಗಿಲ್ಲ.

ಹಬ್ಬಕ್ಕೆ ಹೋಗೋದಾದರೆ ಇಷ್ಟೆಲ್ಲ ಯೋಜನೆ ಹಾಕಬಹುದು. ಆದರೆ ಪರವೂರಲ್ಲಿರೋ ನಮಗೆಲ್ಲ ಇನ್ನೊಂದು ಪ್ರಯಾಣ ಕಾದಿರುತ್ತೆ. ಮೂರು ವರ್ಷದ ಹಿಂದೆ, ರಾತ್ರಿ ಹತ್ತೂವರೆಗೆ ಧಾರವಾಡದಿಂದ ತಮ್ಮನ ಫೋನ್ ಬಂತು. ಅಪ್ಪನಿಗೆ ಎದೆನೋವು, ಐಸಿಯುಗೆ ಸೇರಿಸಿದ್ದೀವಿ, ಬನ್ನಿ ಅಂದ. ಒಂದು ಗಂಟೆಯೊಳಗೆ ಇಬ್ಬರೂ ಹೊರಡಬೇಕಿತ್ತು. ಕೂಪೆ, ಅರ್ಜಿ, ಸರ್ಟಿಫಿಕೇಟ್ ಯಾವುದಕ್ಕೂ ಸಮಯ ಇಲ್ಲ. ಎದುರು ಮನೆ ಮಾವಶಿ ಬಾಗಿಲು ತಟ್ಟಿದೆ. ಅವರ ಹತ್ತಿರ ನಮ್ಮ ಮನೆ ಕೀ ಮೊದಲಿಂದಲೂ ಇತ್ತು. "ತುಮ್ಹಿ ಜಾ, ಮೀ ಬಘತೇ" ಅಂದರು, ನೀವು ಹೋಗಿ, ನಾನು ನೋಡ್ಕೋತೀನಿ ಅಂತ. ನಾವು ಹದಿನೆಂಟು ದಿನ ಊರಲ್ಲೇ ಉಳಿದ್ವಿ. ಅಪ್ಪ ಗುಣವಾಗಿ ಮನೆಗೆ ಬಂದರು. ಆ ಹದಿನೆಂಟು ದಿನವೂ ಮಾವಶಿ ದಿನಕ್ಕೆ ಎರಡು ಸಲ ನಮ್ಮ ಮನೆಗೆ ಹೋಗಿ ಬಂದರು.

ಬೆಕ್ಕಿನ ಮಟ್ಟಿಗೆ ಹೇಳೋದಾದರೆ, ಅದನ್ನ ಬೇರೆ ಮನೆಗೋ ಬೋರ್ಡಿಂಗಿಗೋ ಸಾಗಿಸೋದಕ್ಕಿಂತ ಅದರ ಮನೆಯಲ್ಲೇ ಬಿಟ್ಟು, ನಂಬಿಕಸ್ಥರು ದಿನಾ ಬಂದು ನೋಡೋದೇ ಒಳ್ಳೇದು. ಬೆಕ್ಕಿಗೆ ಜಾಗವೇ ದೊಡ್ಡ ನಂಟು. ಹೊಸ ಜಾಗದಲ್ಲಿ ಗಾಬರಿಯಾಗಿ ಊಟ ಬಿಟ್ಟರೆ, ಎರಡು ಮೂರು ದಿನದಲ್ಲೇ ಯಕೃತ್ತಿಗೆ ಪೆಟ್ಟು ಬೀಳೋ ಸಾಧ್ಯತೆ ಇದೆ. ನಾಯಿಯದು ತಿರುಗುಮುರುಗು. ಅದಕ್ಕೆ ಜನ ಮುಖ್ಯ, ಪರಿಚಯದವರ ಮನೆಯಲ್ಲಿ ಇರುತ್ತೆ. ಮಾವಶಿಗೆ ಅಂತ ನಾವು ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ವಿ: ಊಟ ಎಷ್ಟು, ಯಾವ ಡಾಕ್ಟರು, ಯಾವ ರಿಕ್ಷಾ, ಬುಟ್ಟಿ ಎಲ್ಲಿದೆ. ನಿಮ್ಮ ಮನೆಯಲ್ಲೂ ಇವತ್ತೇ ಒಂದು ಅಂಟಿಸಿ.

ಬಾಡಿಗೆ ಮನೆ, ಬಿಟ್ಟು ಹೋಗೋರು

ಪ್ರಾಣಿ ಇದೆ ಅಂತ ಸೊಸೈಟಿಯವರು ಅಡ್ಡಿ ಮಾಡಿದರೆ ಒಂದು ವಿಷಯ ತಿಳಿದಿರಲಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸೊಸೈಟಿ ಸಾಕುನಾಯಿಯನ್ನ ನಿಷೇಧಿಸೋ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನೋ ಹಾಗಿಲ್ಲ. ಆದರೆ ಮನೆ ಮಾಲೀಕರು ಬಾಡಿಗೆ ಕರಾರಿನಲ್ಲಿ ಏನು ಬರೆಸ್ತಾರೆ ಅನ್ನೋದು ಬೇರೆ ಮಾತು, ಸಹಿ ಹಾಕೋ ಮುಂಚೆ ಓದಿ. ನಮ್ಮ ಜವಾಬ್ದಾರಿಯೂ ಇದೆ: ಪಾಲಿಕೆಯಲ್ಲಿ ನಾಯಿಯ ನೋಂದಣಿ, ಮೂರು ತಿಂಗಳಿಗೆ ಮೊದಲ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ, ಹೊರಗೆ ಗಲೀಜಾದರೆ ನಾವೇ ತೆಗೆಯೋದು.

ನಮ್ಮ ಐಟಿ ಮಂದಿಯ ಬದುಕು ಒಂದು ಕಡೆ ನಿಲ್ಲೋದಲ್ಲ. ಪ್ರಾಜೆಕ್ಟ್ ಮುಗೀತು, ಪುಣೆ ಬಿಟ್ಟು ಹೈದರಾಬಾದ್. ಆನ್‌ಸೈಟ್ ಸಿಕ್ಕಿತು, ಹದಿನೈದು ದಿನದಲ್ಲಿ ಹೊರಡಬೇಕು. ನಮ್ಮ ಸ್ಟೇಷನ್ ರಸ್ತೆಯ ಒಂದು ಕಾಂಪ್ಲೆಕ್ಸಿನ ಗೇಟಲ್ಲಿ ಒಂದು ಲ್ಯಾಬ್ರಡಾರ್ ಇದೆ. ಕುತ್ತಿಗೆಯಲ್ಲಿ ಪಟ್ಟಿಯ ಗುರುತು ಇನ್ನೂ ಇದೆ. ಮನೆಯವರು ಊರು ಬಿಟ್ಟು ಹೋಗುವಾಗ ವಾಚ್‌ಮನ್ ಹತ್ತಿರ "ನೋಡ್ಕೊಳ್ಳಿ" ಅಂತ ಹೇಳಿ ಹೋದರಂತೆ. ಸಂಜೆ ಲೋಕಲ್ ಇಳಿದು ಬರೋ ಜನರ ನಡುವೆ ಅದು ಎದ್ದು ನಿಲ್ಲುತ್ತೆ. ಲ್ಯಾಪ್‌ಟಾಪ್ ಬ್ಯಾಗ್ ಹಾಕಿದವರನ್ನ ಮಾತ್ರ ಮೂಸಿ ನೋಡುತ್ತೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿಯನ್ನ ಹೀಗೆ ಬಿಟ್ಟು ಹೋಗೋದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ವಡಾಪಾವ್ ಮತ್ತು ಚಹಾದ ಬೆಲೆ.

ಸಾಕೋಕೆ ಆಗಲ್ಲ ಅನ್ನೋರಿಗೆ

ಲೆಕ್ಕ ಹಾಕಿ ನೋಡಿ, ಆಗಲ್ಲ ಅಂತ ಬಂದರೆ ಬೇಜಾರು ಮಾಡ್ಕೋಬೇಡಿ. ಅದು ಪ್ರಾಣಿಯ ಮೇಲಿನ ಪ್ರೀತಿಯೇ. ಪೇಟೆಯ ಪ್ರಯಾಣದಲ್ಲಿ ಪ್ರಾಣಿಗಳ ಸಹವಾಸ ಸಿಗದೇ ಇರಲ್ಲ. ಮೆಟ್ಟಿಲ ಕೆಳಗೆ, ಇಷ್ಟು ಸಾವಿರ ಕಾಲುಗಳ ನಡುವೆ, ಹೊಟ್ಟೆ ಮೇಲೆ ಮಾಡಿ ಮಲಗಿರೋ ನಾಯಿ. ಪ್ಲಾಟ್‌ಫಾರ್ಮಿನ ಸ್ಟಾಲಿನ ಪೇಪರ್ ಕಟ್ಟಿನ ಮೇಲೆ ಕೂತ ಬೆಕ್ಕು. ಅವಕ್ಕೂ ಗಾಡಿಯ ಟೈಮು ಗೊತ್ತು, ಖಾಯಂ ಜನ ಗೊತ್ತು. ಸಿಹಿ ಬಿಸ್ಕತ್ತಿಗಿಂತ ಒಂದು ಬೇಯಿಸಿದ ಮೊಟ್ಟೆ ಅಥವಾ ಸ್ವಲ್ಪ ಅನ್ನ, ಅದೂ ಜನ ಓಡಾಡೋ ದಾರಿ ಬಿಟ್ಟು ಪಕ್ಕದಲ್ಲಿ ಹಾಕಿ. ನಿಮ್ಮ ಬೀದಿಯ ಒಂದು ನಾಯಿಗೆ ಲಸಿಕೆ ಮತ್ತು ಸಂತಾನಹರಣ ಆಗಿದೆಯಾ ಅಂತ ವಿಚಾರಿಸಿ, ಆಗಿಲ್ಲದಿದ್ದರೆ ಪಾಲಿಕೆಗೆ ತಿಳಿಸಿ. ಅಕಸ್ಮಾತ್ ಯಾವುದೇ ನಾಯಿ, ಬೆಕ್ಕು ಕಚ್ಚಿದರೆ, ಪರಚಿದರೆ, ಕೂಡಲೇ ಸೋಪು ಹಚ್ಚಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ.

ಸಾಕಲೇಬೇಕು ಅನ್ನೋರು ಮೂರು ಪ್ರಯಾಣದ ಲೆಕ್ಕ ಒಂದು ಹಾಳೆಯಲ್ಲಿ ಬರೀರಿ. ದಿನದ ಪ್ರಯಾಣ, ಅಂದರೆ ಮನೆ ಎಷ್ಟು ಗಂಟೆ ಖಾಲಿ. ಆಸ್ಪತ್ರೆಯ ಪ್ರಯಾಣ, ಅಂದರೆ ಯಾವ ಗಾಡಿ ಬರುತ್ತೆ. ಊರಿನ ಪ್ರಯಾಣ, ಅಂದರೆ ಕೀ ಯಾರ ಹತ್ತಿರ ಇದೆ. ಮೂರಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ತನ್ನಿ. ಕೀ ಕೊಡೋ ಅಷ್ಟು ನಂಬಿಕೆಯ ಮನೆ ನಿಮ್ಮ ಮಹಡಿಯಲ್ಲಿ ಇನ್ನೂ ಇಲ್ಲ ಅಂದರೆ, ಈ ಭಾನುವಾರ ಮರಿ ನೋಡೋಕೆ ಹೋಗೋ ಬದಲು ಎದುರು ಮನೆಗೆ ಒಂದು ತಟ್ಟೆ ಅವಲಕ್ಕಿ ತಗೊಂಡು ಹೋಗಿ. ಅಲ್ಲಿಂದ ಶುರು ಮಾಡಿ.